ಕಾರವಾರಕ್ಕೆ ಹೋಗಿಬಂದ ದಪ್ಪ ಪುಸ್ತಕ

ವಾರಿಜಾ ಟೀಚರು ಕಾರವಾರಕ್ಕೆ ಹೊರಟಾಗ ಪುಸ್ತಕದ ಕಪಾಟಿನಲ್ಲಿ ನೂಕುನುಗ್ಗಲು ಶುರುವಾಯಿತು. ಕಡಲಿನ ಬಗ್ಗೆ ಬರೆದ ದಪ್ಪ ಪುಸ್ತಕ ಎಲ್ಲರನ್ನೂ ಒತ್ತರಿಸಿಕೊಂಡು ಮುಂದೆ ಬಂತು.

"ಅಲೆ, ಉಬ್ಬರ, ಮೀನು, ಎಲ್ಲವೂ ನನ್ನ ಹೊಟ್ಟೆಯಲ್ಲಿದೆ. ನಾನಿಲ್ಲದೆ ಟೀಚರಿಗೆ ಕಡಲು ಅರ್ಥವಾದೀತೇ? ನಿನಗೇನು ಗೊತ್ತು?" ಎಂದು ಪಕ್ಕದ ತೆಳ್ಳನೆಯ ಪತ್ತೇದಾರಿ ಕಾದಂಬರಿಯನ್ನು ಕೇಳಿತು.

"ಕೊಲೆ ಮಾಡಿದವರು ಯಾರೆಂದು ಗೊತ್ತು, ಅಷ್ಟೇ ಸ್ವಾಮಿ," ಎಂದಿತು ಕಾದಂಬರಿ.

ಟೀಚರು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದರು.

ವಾಪಸು ಬಂದ ದಿನ ಕಪಾಟು ಮೈಯೆಲ್ಲ ಕಿವಿಯಾಗಿ ಕೇಳಿತು, "ಕಡಲು ಹೇಗಿತ್ತು?"

ದಪ್ಪ ಪುಸ್ತಕ ಗಂಟಲು ಸರಿಮಾಡಿಕೊಂಡಿತು. ಅದನ್ನು ಯಾರೂ ಒಮ್ಮೆಯೂ ತೆರೆದಿರಲಿಲ್ಲ. ಮರಳಿನ ಮೇಲೆ ಹಾಸಿದ ಚಾಪೆ ಗಾಳಿಗೆ ಹಾರದಿರಲೆಂದು ಅದರ ಮೂಲೆಯ ಮೇಲೆ ಈ ಪುಸ್ತಕವನ್ನು ಹೇರಿದ್ದರು, ಅದೂ ಮುಖ ಕೆಳಗೆ ಮಾಡಿ.

"ನೋಡಲು ಪುರುಸೊತ್ತೆಲ್ಲಿತ್ತು? ಇಡೀ ಕಡಲಗಾಳಿಯನ್ನು ತಡೆಯುವ ಹೊಣೆ ನನ್ನ ಮೇಲಿತ್ತು. ಇವನನ್ನು ಕೇಳಿ."

"ನಾನೂ ನೋಡಲಿಲ್ಲ," ಎಂದಿತು ಕಾದಂಬರಿ. "ಟೀಚರೂ ನೋಡಲಿಲ್ಲ. ನನ್ನಿಂದ ತಲೆ ಎತ್ತಿದ್ದರೆ ತಾನೆ?"

ಗೋಡೆಗೊರಗಿ ಸುರುಳಿಯಾಗಿ ನಿಂತಿದ್ದ ಚಾಪೆ ಮರಳು ಕೊಡವಿತು. "ನಾನಾದರೂ ನೋಡೋಣವೆಂದು ಎರಡು ಸಲ ಎದ್ದೆ. ಈ ಮಹಾಶಯರು ಬಿಡಬೇಕಲ್ಲ!"