ಗೇಣು ಕಡಿಮೆ ಬಿದ್ದ ದುರುಗಮ್ಮ

ಓಬಕ್ಕನ ಮಗ ತಿಪ್ಪೇಶಿ ಪೆದ್ದ ಅಂತ ನಾನಂದ್ರೆ, ಮುದುಕಿಗೆ ನಾಲಿಗೆ ಉದ್ದ ಅಂತೀರಿ. ನಲವತ್ತು ವರ್ಷದಿಂದ ಪಕ್ಕದ ಮನೇಲಿ ಇದೀನ್ರೀ! ಗೋಡೆಗೆ ಕಿವಿ ಐತೆ ಅನ್ನೋದು ಸುಳ್ಳು, ಕಿವಿ ಇರೋದು ನನಗೆ.

ಅವರಪ್ಪ ಸಾಯೋವಾಗ ಒಂದು ಹಳೇ ಬಿಳಿ ಕಾರು ಬಿಟ್ಟುಹೋದ, ಅದನ್ನ ಓಡಿಸೋ ವಿದ್ಯೆ ಬಿಟ್ಟುಹೋದ. ಬುದ್ಧಿ ಬಿಟ್ಟುಹೋಗಲಿಲ್ಲ, ಅವನಿಗೆ ಇದ್ರೆ ತಾನೆ! ಮಗ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ರೋಗ.

“ನಾನು ಕಣ್ಣು ಮುಚ್ಚಿದ್ರೆ ಇವನನ್ನ ನೋಡ್ಕೊಳ್ಳೋರು ಯಾರು?” ಅಂತ ಓಬಕ್ಕ ಹನ್ನೊಂದು ಊರು ತಿರುಗಿದ್ಲು. ಹನ್ನೊಂದು ಊರಲ್ಲೂ ಸುಳ್ಳು ಹೇಳಿದ್ಲು. ಕೊನೆಗೆ ಹೊನ್ನೂರಪ್ಪನ ಮಗಳು ದುರುಗಮ್ಮ ಗೊತ್ತಾದ್ಲು. ನಮ್ಮ ಕಡೆ ಮದುವೆ ಗಂಡಿನ ಮನೇಲಿ, ಹೆಣ್ಣನ್ನ ಕರ್ಕೊಂಡು ಬರಬೇಕು. “ಕಾರು ಬಂದ್ರೆ ಮಗಳು ಬರ್ತಾಳೆ, ಇಲ್ಲದಿದ್ರೆ ಇಲ್ಲ,” ಅಂದುಬಿಟ್ಟ ಹೊನ್ನೂರಪ್ಪ. ಕಾರಿನ ಹಿಂದಿನ ಎರಡು ಟೈರೋ, ನಮ್ಮ ಪೂಜಾರಪ್ಪನ ತಲೆ! ಅಷ್ಟು ನುಣ್ಣಗೆ.

“ಹೋಗು ಮಗಾ, ಎರಡು ಚಕ್ರ ತಾ. ಮೊನ್ನೆ ಸೋರೆಕಾಯಿ ತಂದ ಹಾಗೆ ಬೆರಳುದ್ದದ್ದು ತರಬೇಡ. ಏನೇ ತಂದ್ರೂ ದೊಡ್ಡದು ನೋಡಿ ತಾ!”

“ಹೂಂ ಅವ್ವಾ!”

ಹೋದ. ಗುಜರಿ ಅಂಗಡೀಲಿ ಇದ್ದಿದ್ದರಲ್ಲೇ ದೊಡ್ಡವು, ಜೀಪಿನವು, ಎರಡು ತಂದ. ಬಡಿದು ಬಡಿದು ಕೂರಿಸಿದ. ಕಾರು ಕೆರೆ ನೀರು ಕುಡಿಯೋ ಎಮ್ಮೆ ಹಾಗೆ ಹಿಂಭಾಗ ಎತ್ತಿ ನಿಂತಿತು. ನಾವಿಬ್ಬರು ಮುದುಕೀರು ಹತ್ತಿದ್ವಿ. ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಕರ್ರ್ ಅಂತು, ಹೊಗೆ ಬಂತು. ಹಿಂದೆ ಕೂತಿದ್ದ ನಾನು ಜಾರಿ ಮುಂದಿನ ಓಬಕ್ಕನ ಕುತ್ತಿಗೆ ಮೇಲೆ!

“ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಳೇದರ ಅಳತೆ ತಗೊಂಡು ಹೊಸದು ತರಬೇಕು ಕಣೋ!”

“ಹೂಂ ಅವ್ವಾ!”

ಮಾರನೇ ದಿನ ಹುಡುಗಿಗೆ ಬಳೆ ತರೋಕೆ ಕಳಿಸಿದ್ಲು. ಹಳೇದರ ಅಳತೆ ಬೇಕಲ್ಲ? ಸುತ್ತಮುತ್ತ ನೋಡಿದ. ಹಳೇದು ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ತಿತ್ತು. ನಾನು ಕಣ್ರೀ! ನನ್ನ ಮುಂಗೈಗೆ ದಾರ ಸುತ್ತಿ ಅಳತೆ ತಗೊಂಡ. ಮುದ್ದೆ ತಿಂದು ಬೆಳೆದ ಕೈ ಇದು, ಕೇಳಬೇಕೆ? ಬಳೆ ದುರುಗಮ್ಮನ ಮೊಣಕೈ ದಾಟಿ, ತೋಳು ದಾಟಿ, ಹೆಗಲಲ್ಲಿ ನಿಂತವಂತೆ. ವಾಪಸು ಬಂದವು.

“ಮುದುಕಿ ಅಳತೆ ಯಾಕೋ ತಂದೆ ದಂಡಪಿಂಡ! ಹುಡುಗಿ ನುಗ್ಗೇಕಾಯಿ ಹಾಗವ್ಳೆ. ಅವಳನ್ನ ನೆನೆಸ್ಕೊಂಡು ಸಣ್ಣದು ತಾ!”

“ಹೂಂ ಅವ್ವಾ!”

ಬಳೆಗೆ ಓಬಕ್ಕ ತಾನೇ ಹೋದ್ಲು. ಇವನು ಜೀಪಿನ ಚಕ್ರ ಬದಲಾಯಿಸೋಕೆ ಹೋದ. ದುರುಗಮ್ಮನ್ನ ನೆನೆಸ್ಕೊಂಡ. ಸಣ್ಣದು ಕೇಳಿದ. ಪುಟಾಣಿ ಕಾರಿನದು ಒಂದೇ ಒಂದಿತ್ತು, ಅದನ್ನೇ ಎಡಕ್ಕೆ ಹಾಕಿದ. ಬಲಕ್ಕೆ ಜೀಪಿನದು, ಎಡಕ್ಕೆ ಪುಟಾಣಿದು! ಕಾರು ಎಡಕ್ಕೆ ವಾಲಿ ನೀರಿನ ಟ್ಯಾಂಕು ಸುತ್ತಿತು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಪಂಚರ್ ಅಂಗಡಿ ಖಾದರ್ ಸಾಬರು ಓಡಿಬಂದು ನಿಲ್ಲಿಸಿದ್ರು.

“ಪಕ್ಕಪಕ್ಕ ಇರೋ ಎರಡೂ ಸಮ ಇರಬೇಕಪ್ಪ! ಇಲ್ಲಾಂದ್ರೆ ಗಾಡಿ ಒಂದು ಕಡೆಗೆ ಎಳೀತದೆ.”

ಸಾಬರೇ ಸರಿಯಾದ ಜೋಡಿ ಹುಡುಕಿ ಹಾಕಿದ್ರು. ಪುಟಾಣಿ ಚಕ್ರ ಓಬಕ್ಕನ ಅಂಗಳಕ್ಕೆ ಬಿತ್ತು.

“ಕೇಳಿಸ್ತೇನೋ? ಪಕ್ಕಕ್ಕೆ ಏನೇ ತಂದ್ರೂ ದಾರ ಹಿಡಿದು ಅಳಿ. ಸಮ ಇದ್ರೆ ತಾ, ಇಲ್ಲಾಂದ್ರೆ ಬಿಟ್ಟು ಬಾ!”

“ಹೂಂ ಅವ್ವಾ!”

ಮದುವೆ ದಿನ ಹೆಣ್ಣನ್ನ ಕರೆಯೋಕೆ ಹೋದ. ಅಲ್ಲಿ ನಡೆದಿದ್ದನ್ನ ಆಮೇಲೆ ದುರುಗಮ್ಮನೇ ನನಗೆ ಹೇಳಿದ್ಲು. ಮೊದಲು ದಾರ ಹಿಡಿದು ತನ್ನನ್ನ ಅಳೆದ್ಕೊಂಡನಂತೆ. ಆಮೇಲೆ ಅವಳನ್ನ. ಒಂದು ಗೇಣು ಕಡಿಮೆ! “ಆಗಲ್ಲ, ಎಳೀತದೆ,” ಅಂದನಂತೆ. ಅವರಜ್ಜಿನ ಅಳೆದ, ಕಡಿಮೆ. ಅತ್ತೇನ ಅಳೆದ, ಜಾಸ್ತಿ. ಹೊನ್ನೂರಪ್ಪನ್ನ ಅಳೆದ. ಸರಿಸಮ!

“ಹತ್ತಿ ಮಾವಾ!”

ಮೊದಲು ಮಾವನಿಗೆ ಮರ್ಯಾದೆ, ಆಮೇಲೆ ಮಗಳಿಗೆ ಕಾರು ಬರ್ತದೆ ಅಂದ್ಕೊಂಡು ಅವನೂ ಮೀಸೆ ತಿರುವಿ ಹತ್ತಿದ.

ಇಲ್ಲಿ ಓಬಕ್ಕ ಕಣ್ಣು ಮುಚ್ಚಿ, ದೇವರನ್ನ ನೆನೆದು, ಕಾರಿನ ಬಾಗಿಲಿಗೆ ಆರತಿ ಎತ್ತಿದ್ಲು. “ಬಾ ತಾಯಿ ಮಹಾಲಕ್ಷ್ಮಿ,” ಅಂತ ಕಣ್ಣು ಬಿಟ್ರೆ, ಮೀಸೆ!

“ಅವ್ವಾ! ಅಳೆದು ತಂದೀನಿ! ದಾರೀಲಿ ಒಂದು ಚೂರೂ ಎಳೀಲಿಲ್ಲ!”

ಓಬಕ್ಕ ತಟ್ಟೆ ಸಮೇತ ಕುಸಿದ್ಲು. ಹೊನ್ನೂರಪ್ಪನಿಗೆ ಆಗ ಗೊತ್ತಾಯ್ತು ಅಳಿಯ ಎಂಥಾ ರತ್ನ ಅಂತ. “ಮದುವೇನೂ ಇಲ್ಲ, ಮಣ್ಣೂ ಇಲ್ಲ!” ಅಂತ ಹೆಗಲ ಮೇಲಿನ ಟವೆಲ್ ಕೊಡವಿದ. ಅಷ್ಟರಲ್ಲಿ ಹಾಲಿನ ವ್ಯಾನ್ ಬಂತು. ದುರುಗಮ್ಮ ಬಾಸಿಂಗ ಕಟ್ಕೊಂಡು ಧಡಾರಂತ ಇಳಿದ್ಲು.

“ಅಪ್ಪಾ, ಸುಮ್ನಿರು. ಹೇಳಿದ ಹಾಗೆ ಕೇಳೋ ಗಂಡ ಯಾವ ಊರಲ್ಲಿ ಸಿಗ್ತಾನೆ?”

ಅಂಗಳದಲ್ಲಿ ಬಿದ್ದಿದ್ದ ಪುಟಾಣಿ ಚಕ್ರ ಎಳ್ಕೊಂಡ್ಲು, ಮಲಗಿಸಿದ್ಲು, ಅದರ ಮೇಲೆ ನಿಂತ್ಲು.

“ಈಗ ಅಳಿ!”

ಅಳೆದ. “ಅವ್ವಾ, ಸಮ!”

ಚಕ್ರದ ಮೇಲೆ ನಿಂತೇ ತಾಳಿ ಕಟ್ಟಿಸ್ಕೊಂಡ್ಲು ಕಣ್ರೀ, ಗಟ್ಟಿಗಿತ್ತಿ.

ಮೊನ್ನೆ ಗಂಡ ಹೆಂಡ್ತಿ ಅವಳ ತೌರಿಗೆ ಹೊರಟ್ರು. ಪಕ್ಕಕ್ಕೆ ಕೂರೋಳು ಸಮ ಇರಬೇಕಲ್ಲ? ಸೀಟಿನ ಮೇಲೆ ಆ ಚಕ್ರ ಇಟ್ಟು, ಅದರ ಮೇಲೆ ಹೆಂಡ್ತಿನ ಕೂರಿಸಿದ. ತಲೆ ಕಾರಿನ ಸೂರಿಗೆ ತಾಗಿ, ಪಾಪ, ಊರು ದಾಟೋತನಕ ಕತ್ತು ಬಗ್ಗಿಸ್ಕೊಂಡೇ ಹೋದ್ಲು. ಓಬಕ್ಕ ಮಾತ್ರ ಬೀದಿಗೆಲ್ಲ ಸಾರಿದ್ದೇ ಸಾರಿದ್ದು:

“ನೋಡ್ರೇ ನನ್ನ ಸೊಸೆನ! ಎಷ್ಟು ನಾಚಿಕೆ! ತಲೆ ಎತ್ತಿದ್ಲಾ?”