ಗೀಜಗನ ಸರ್ವರ್, ಅಳಿಲಿನ ಸುದ್ದಿ

ಬಾಡಿಗೆ ಸರ್ವರಿನ ಹಂಗು ಬೇಡವೆಂದು ಗೀಜಗ ಲಿನಕ್ಸ್ ಕಲಿತು, ದೂರದ ಗುಡ್ಡದ ಮೇಲೆ ತನ್ನದೇ ಸರ್ವರ್ ಹೂಡಿತು. ಗೂಡುಗಳಿದ್ದ ಮರವನ್ನು ಹಾವು ಹತ್ತಿದರೆ ಅಳಿಲು ಅಲ್ಲಿಗೆ ಸುದ್ದಿ ಕಳಿಸಬೇಕು, ಕೂಡಲೇ ಮೊಬೈಲಿನ ಆ್ಯಪ್ ಹಕ್ಕಿಗಳನ್ನೆಲ್ಲ ಎಚ್ಚರಿಸಬೇಕು. ಏರ್ಪಾಡು ಅಷ್ಟೇ.

ಕಾಳು ತರಲು ಹೊರಡುವ ಮುಂಚೆ, ಕಳ್ಳರ ಭಯಕ್ಕೆ, ಗೀಜಗ ಸರ್ವರ್ ಕಾಯುವ ಫೈರ್‌ವಾಲ್‌ಗೆ ಅಪ್ಪಣೆ ಕೊಟ್ಟಿತು: "ಹೊರಗಿನಿಂದ ಯಾರು ಬಂದರೂ ಬಾಗಿಲು ತೆರೆಯಬೇಡ."

"ಯಾರಿಗೂ? ಇನ್ನೊಮ್ಮೆ ಯೋಚಿಸಿ, ಧಣಿ."

"ಕಾವಲುಗಾರನಿಗೇಕೆ ತಲೆಹರಟೆ? ಹೇಳಿದಷ್ಟು ಮಾಡು."

ಗದ್ದೆ ತಲುಪಿ ಮೊಬೈಲ್ ನೋಡಿದರೆ ಆ್ಯಪ್ ಸತ್ತಂತಿತ್ತು. ಗೀಜಗ ಅಲ್ಲಿಂದಲೇ ಸರ್ವರಿನ ಬಾಗಿಲು ಬಡಿಯಿತು. "ತೆಗೆಯೋ, ನಾನು ನಿನ್ನ ಧಣಿ!"

"ಇರಬಹುದು. ಆದರೆ ಹೊರಗಿದ್ದೀರಲ್ಲ. ಈಗಷ್ಟೇ ಅಳಿಲನ್ನೂ ಎರಡು ಸಲ ವಾಪಸ್ ಅಟ್ಟಿದೆ."

"ಅಯ್ಯೋ, ಅದು ಏನಂದಿತು?"

"ಕೇಳಬೇಕಾದರೆ ಬಾಗಿಲು ತೆರೆಯಬೇಕಿತ್ತು, ಧಣಿ."

ಗೀಜಗ ಹಾರಿ ಬಂದಾಗ, ಮೂರು ಮರಿಗಳಿದ್ದ ಗೂಡು ಗಾಳಿಗೆ ತೀರ ಹಗುರವಾಗಿ ತೂಗುತ್ತಿತ್ತು.