ಸಾವಂತ್ರೆವ್ವನ ಮಗ ಮನೆ ಕೊಡಿಸಿದ್ದು

ಕಣ್ಣು ಎಳೆಯುವ ಹೊತ್ತಿಗೆ ಕೇಳಬೇಕಾದ ಕತೆ ಇದು. ನಡುವೆ ನಿದ್ದೆ ಬಂದರೆ ಮಲಗಿಬಿಡಿ, ಬೇಸರವಿಲ್ಲ. ಈ ಕತೆಯ ನಾಯಕನೂ ಅರೆನಿದ್ದೆಯಲ್ಲೇ ಓಡಾಡಿದವನು. ಹೆಸರು ದ್ಯಾಮಣ್ಣ. ಮೈ ಆನೆಯಷ್ಟು, ಬುದ್ಧಿ ಸಾಸಿವೆಯಷ್ಟು. ನಿಲ್ಲು ಅಂದರೆ ನಿಂತ, ಕೂಡು ಅನ್ನುವವರೆಗೆ ಕೂಡಲಿಲ್ಲ, ಅಂಥವನು. ಅವನ ತಾಯಿ ಸಾವಂತ್ರೆವ್ವ ಖಾನಾವಳಿಗೆ ರೊಟ್ಟಿ ಬಡಿದು ಅವನನ್ನು ಸಾಕಿದ್ದಳು.

ಅವಳಿಗಿದ್ದದ್ದು ಒಂದೇ ಆಸೆ, ಸ್ವಂತದ್ದೊಂದು ಮನೆ. ಅದಕ್ಕೆಂದೇ ರೊಟ್ಟಿಯ ದುಡ್ಡಿನಲ್ಲಿ ಪೈಸೆ ಪೈಸೆ ಉಳಿಸಿದ್ದಳು. ಮದುವೆಯಾಗಿ ಬಂದಾಗಿನಿಂದ ಬಾಡಿಗೆ ಮನೆ. ಒಲೆಯ ಹೊಗೆ ಹೆಚ್ಚಾಯಿತೆಂದು ಒಬ್ಬರು, ಮಗಳ ಬಾಣಂತನಕ್ಕೆ ಜಾಗ ಬೇಕೆಂದು ಇನ್ನೊಬ್ಬರು, "ಖಾಲಿ ಮಾಡ್ರಿ" ಅನ್ನುವುದು, ಇವಳು ಗಂಟು ಕಟ್ಟುವುದು. ಜೀವ ಹಣ್ಣಾಗಿತ್ತು. "ಸಾಯೂದರಾಗ ಆ ಮಾತು ಇನ್ನೊಮ್ಮೆ ಕೇಳಬಾರ್ದಪಾ" ಅನ್ನುತ್ತಿದ್ದಳು. ಹೀಗಿರುವಾಗ ಕುಂಬಾರ ಓಣಿಯಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕಿದೆ ಎಂದು ಸುದ್ದಿ ಬಂತು.

"ದ್ಯಾಮಾ, ಹೋಗಿ ಆ ಮನಿ ನೋಡಿ ಬಾ" ಅಂದಳು.

ಹೋದ. ಎದುರಿನ ಕಟ್ಟೆಯ ಮೇಲೆ ಕೂತ. ಬಿಸಿಲು ಗೋಡೆ ಹತ್ತಿತು, ನೋಡಿದ. ಬಿಸಿಲು ಗೋಡೆ ಇಳಿಯಿತು, ನೋಡಿದ. ನೋಡುತ್ತ ನೋಡುತ್ತ ಆ ಮನೆ ಮೆಲ್ಲಗೆ ಉಸಿರಾಡುತ್ತಿದೆ ಅನ್ನಿಸಿತು, ತಾನೂ ಅದರ ಜೊತೆಗೆ ಉಸಿರಾಡಿದ. ಎಮ್ಮೆಗಳು ಮನೆಗೆ ತಿರುಗುವ ಹೊತ್ತಿಗೆ ಎದ್ದು ಬಂದ.

"ನೋಡಿದೇನೋ?"

"ನೋಡಿದ್ನಬೇ."

"ಯಾರದಂತ ಮನಿ?"

"ಮನಿ ಏನೂ ಹೇಳಲಿಲ್ಲ."

ತಾಯಿ ಹಣೆ ಬಡಿದುಕೊಂಡಳು. "ಬರೇ ನೋಡಿದ್ರ ಏನ ಬಂತೋ ಖೋಡಿ! ಅವರಪ್ಪಂದೋ, ಅಜ್ಜಂದೋ, ಅಣ್ಣತಮ್ಮರು ಪಾಲು ಕೇಳ್ತಾರೋ, ಎಲ್ಲಾ ಮೂಲದಿಂದ ವಿಚಾರಸಬೇಕು."

"ಹಂಗ ಮಾಡ್ತೀನಬೇ."

ಮರುದಿನ ವಕೀಲ ಇನಾಮದಾರರ ಹತ್ತಿರ ಕಳಿಸಿದಳು, ಮನೆ ಕೊಳ್ಳಲು ಏನೇನು ಬೇಕೆಂದು ಕೇಳಿ ಬರಲು. ದ್ಯಾಮಣ್ಣ ಹೋಗಿ ಕೈ ಮುಗಿದ.

"ಈ ಕುರ್ಚಿ ಯಾರದ್ರಿ?"

"ನಂದು" ಅಂದರು ವಕೀಲರು.

"ನಿಮ್ಮಪ್ಪಂದೋ, ನಿಮ್ಮಜ್ಜಂದೋ?"

"ಅಪ್ಪಂದಪಾ. ಯಾಕ?"

"ನಿಮ್ಮ ತಮ್ಮ ಪಾಲು ಕೇಳೂದಿಲ್ಲೇನ್ರಿ?"

ಊರಿಗೆಲ್ಲ ಗೊತ್ತಿದ್ದದ್ದು ಇವನಿಗೆ ಗೊತ್ತಿರಲಿಲ್ಲ. ವಕೀಲರಿಗೂ ಅವರ ತಮ್ಮನಿಗೂ ಆಸ್ತಿಯ ಮೇಲೆ ವ್ಯಾಜ್ಯ ನಡೆದು ತಲೆಗೂದಲು ಬೆಳ್ಳಗಾಗಿತ್ತು. ಅವರು ಬಾಗಿಲು ತೋರಿಸಿದರು, ಇವನು ಬಾಗಿಲನ್ನು ಚೆನ್ನಾಗಿ ನೋಡಿ ಮನೆಗೆ ಬಂದ.

"ದೊಡ್ಡವರ ಮುಂದ ಹಂಗ ಬಾಯಿ ಬಿಡ್ತಾರೇನೋ? ಅವರು ಅಂದದ್ದಕ್ಕೆಲ್ಲಾ ಹೂಂ ಅನಬೇಕು, ಅಷ್ಟ."

"ಹಂಗ ಮಾಡ್ತೀನಬೇ."

ಸಾವಂತ್ರೆವ್ವ ತಾನೇ ಹೋಗಿ ವಕೀಲರ ಕೈಕಾಲು ಹಿಡಿದು ಕೇಳಿಕೊಂಡು ಬಂದಳು. ಮೊದಲು ಮನೆಯ ಮೂಲಪತ್ರ ಬೇಕು, ಅದರ ಮೇಲೆ ಸಾಲವಿಲ್ಲವೆಂಬ ದಾಖಲೆ ಬೇಕು, ಹಕ್ಕಿದ್ದವರೆಲ್ಲ ರುಜು ಹಾಕಬೇಕು. ಮೂಲಪತ್ರದ ನಕಲು ತರಲು ಮಗನನ್ನು ಮನೆಯ ಮಾಲಕ ಗದಿಗೆಪ್ಪನ ಹತ್ತಿರ ಕಳಿಸಿದಳು. ಗದಿಗೆಪ್ಪ ನಗುನಗುತ್ತಲೇ ಮೂಗು ಕೊಯ್ಯುವ ಆಸಾಮಿ.

"ಕಾಗದ ಆಮ್ಯಾಲೆ ಕೊಡ್ತೀನಿ."

"ಹೂಂ."

"ಹಿತ್ತಲದಾಗಿನ ಹುಣಸಿಗಿಡ ನನಗ ಇರ್ಲಿ."

"ಹೂಂ."

"ಅದರ ನೆರಳೂ ನಂದ. ನಿಮ್ಮ ಅಂಗಳಕ್ಕ ಬಿದ್ರ ಬಾಡಿಗಿ ಕೊಡ್ರಿ."

"ಹೂಂ."

ಹೂಂಗುಟ್ಟುತ್ತ ಹೂಂಗುಟ್ಟುತ್ತ ದ್ಯಾಮಣ್ಣನಿಗೆ ಚಿಕ್ಕಂದಿನಲ್ಲಿ ಅವ್ವನ ತೊಡೆಯ ಮೇಲೆ ಕತೆ ಕೇಳಿದಂತಾಯಿತು. ಸುಖವಾಗಿ ಕಣ್ಣು ಮುಚ್ಚಿ ಬಂತು. ಗದಿಗೆಪ್ಪ ಇನ್ನೂ ಏನೇನು ಕೇಳಿದನೋ, ಇವನು ನಿದ್ದೆಯಲ್ಲೂ ಹೂಂ ಅಂದ.

ವಿಷಯ ಕೇಳಿ ಸಾವಂತ್ರೆವ್ವ ವಕೀಲರ ಹತ್ತಿರ ಓಡಿದಳು. ಬಾಯಿಮಾತಿನ ಹೂಂಗೆ ಬೆಲೆಯಿಲ್ಲ, ಬರೆದದ್ದೇ ಖರೆ ಎಂದು ವಕೀಲರು ಧೈರ್ಯ ಹೇಳಬೇಕಾಯಿತು.

"ಕೇಳಿದೇನೋ? ಇನ್ನ ಮ್ಯಾಲೆ ಯಾರ ಏನ ಅಂದ್ರೂ ನಂಬಬ್ಯಾಡ. ಕಾಗದ ನೋಡಿದ ಮ್ಯಾಲೆ ಖರೆ ಅನ್ನು."

"ಹಂಗ ಮಾಡ್ತೀನಬೇ."

ಕಾಗದಗಳು ಬಂದವು. ವಕೀಲರು ಓದಿದರು. ಗದಿಗೆಪ್ಪನ ಇಬ್ಬರು ತಂಗಿಯರೂ ಬಂದು ರುಜು ಹಾಕಲು ಒಪ್ಪಿದರು. ನೋಂದಣಿಯ ದಿನ ಸಾವಂತ್ರೆವ್ವ ಮದುವೆಯ ಇಳಕಲ್ ಸೀರೆ ಉಟ್ಟು ಕಚೇರಿಗೆ ಬಂದಳು. ಗುರುತು ಹೇಳುವ ಸಾಕ್ಷಿಯಾಗಿ ಮಗನನ್ನೇ ನಿಲ್ಲಿಸಿದರು. ಸಾಹೇಬರು ಕೇಳಿದರು, "ಈಕಿ ನಿನಗ ಏನಾಗಬೇಕು?"

ದ್ಯಾಮಣ್ಣ ತಾಯಿಯನ್ನು ಬಹಳ ಹೊತ್ತು ನೋಡಿದ. "ಅವ್ವ ಅಂತ ಅಂತಾರ್ರಿ. ನಾ ಕಾಗದ ನೋಡಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. "ಹಂಗಾದ್ರ ಈಕಿ ಯಾರು?"

"ಸಣ್ಣಾವ ಇದ್ದಾಗಿಂದ ಉಣ್ಣಾಕ ಹಾಕ್ತಾಳ್ರಿ. ಯಾಕ ಹಾಕ್ತಾಳೋ ಗೊತ್ತಿಲ್ಲ."

ಕಚೇರಿಯೆಲ್ಲ ನಕ್ಕಿತು. ಸಾವಂತ್ರೆವ್ವನಿಗೆ ನಗಲೂ ಬರಲಿಲ್ಲ, ಅಳಲೂ ಬರಲಿಲ್ಲ. ವಕೀಲರು ಇವನನ್ನು ಹೊರಗೆ ಕೂರಿಸಿ, ಖಾನಾವಳಿಯ ಮಾಲಕನನ್ನು ಸಾಕ್ಷಿಗೆ ಕರೆಸಿದರು. ಅಂತೂ ಅವಳು ಹೆಬ್ಬೆರಳು ಒತ್ತಿದಳು, ಮನೆ ಅವಳದಾಯಿತು.

"ಹೆತ್ತಾಕಿಗೂ ಕಾಗದ ಕೇಳ್ತಾರೇನೋ?" ಎಂದು ಮೆಟ್ಟಿಲ ಮೇಲೆ ಬೈದಳು.

ವಕೀಲರು ನಡುವೆ ಬಂದರು. "ಸಾವಂತ್ರೆವ್ವಾ, ಕಾಗದ ಆತು, ಸ್ವಾಧೀನ ಇನ್ನೂ ಉಳಿದದ. ಗದಿಗೆಪ್ಪಂದೊಂದು ಕಸಬರಿಗಿ ಒಳಗ ಉಳಿದ್ರೂ ನಾಳೆ ತಕರಾರು ತೆಗೀತಾನ. ಮನಿ ಪೂರಾ ಖಾಲಿ ಆಗಬೇಕು."

"ಕೇಳಿದಿ? ನೀ ಮುಂದ ನಡಿ" ಅಂದಳು ಮಗನಿಗೆ. "ಒಳಗ ಏನ ಕಂಡ್ರೂ ಹಿತ್ತಲಕ್ಕ ಒಯ್ದು ಇಡು. ಒಂದ ಕಡ್ಡಿನೂ ಇರಬಾರ್ದು. ನಾ ಬಂಡಿ ತಗೊಂಡು ಬರ್ತೀನಿ."

"ಹಂಗ ಮಾಡ್ತೀನಬೇ."

ಗದಿಗೆಪ್ಪನ ಮುರುಕು ತೊಟ್ಟಿಲು, ತೂತು ಕೊಡ, ಕಸಬರಿಗೆ ಎಲ್ಲ ಹಿತ್ತಲಿಗೆ ಹೋದವು. ಮನೆ ಖಾಲಿಯಾಯಿತು. ದ್ಯಾಮಣ್ಣ "ಹೋ" ಅಂದ, ಮನೆಯೂ "ಹೋ" ಅಂದಿತು. ಬೆಳಕಿಂಡಿಯಿಂದ ಬಿಸಿಲು ಇಳಿದು ಧೂಳು ಹೊಳೆಯುತ್ತ ತೇಲುತ್ತಿತ್ತು. ಅದರೊಳಗೆ ನಿಂತು ತಾನೂ ತೇಲಿದ. ಇಷ್ಟು ಚಂದದ್ದನ್ನು ಅವನು ಕಂಡೇ ಇರಲಿಲ್ಲ.

ಬಂಡಿ ಬಂತು. ತಾಯಿ ಮುಂಬಾಗಿಲಿಂದ ರೊಟ್ಟಿ ಹಂಚು ತಂದಿಟ್ಟು ಹೊರಗೆ ಹೋದಳು. ಮಗ ಅದನ್ನೆತ್ತಿ ಹಿತ್ತಲಿಗೆ ಇಟ್ಟ. ತಾಯಿ ಟ್ರಂಕು ತಂದಳು, ಅದೂ ಹಿತ್ತಲಿಗೆ. ಹಾಸಿಗೆ ತಂದಳು, ಹಿತ್ತಲಿಗೆ. ಹೊರಸು ತಂದಳು, ಹಿತ್ತಲಿಗೆ. ಪ್ರತಿ ಸಲ ಒಳಗೆ ಬಂದಾಗಲೂ ಮನೆ ಬಿಕೋ ಅನ್ನುತ್ತಿತ್ತು. ತಂದ ಸಾಮಾನನ್ನೆಲ್ಲ ಒಳಗಿನ ನಡುಮನೆಯೇ ನುಂಗಿತೆಂದು ಅವಳು ತಿಳಿದಳು, ದಣಿವಿನಲ್ಲಿ ಆ ಕಡೆ ಈ ಕಡೆ ನೋಡಲೂ ಇಲ್ಲ.

"ಎಷ್ಟ ತಂದ್ರೂ ತುಂಬವಲ್ದು. ಎಷ್ಟ ದೊಡ್ಡ ಮನಿ ತಗೊಂಡೆನವ್ವ ನಾ!" ಎಂದು ಹಿಗ್ಗಿದಳು.

ಬಂಡಿ ಬರಿದಾಯಿತು. ಹೊತ್ತು ಇಳಿದಿತ್ತು. ಸಾವಂತ್ರೆವ್ವ ಒಳಗೆ ಬಂದು ನೆಲದ ನಟ್ಟನಡುವೆ ಕಾಲು ಚಾಚಿ ಕೂತು, ತನ್ನ ಸ್ವಂತ ಗೋಡೆಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಅಷ್ಟು ನೆಮ್ಮದಿ ಹಿಂದೆಂದೂ ಆಗಿರಲಿಲ್ಲ.

ಹಿತ್ತಲಿಂದ ದ್ಯಾಮಣ್ಣ ಬಂದ. ನೋಡಿದ. ಇನ್ನೂ ಒಂದು ಉಳಿದಿತ್ತು. ಹತ್ತಿರ ಬಂದು ಬಾಗಿ ಮೆತ್ತಗೆ ಹೇಳಿದ.

"ಅವ್ವಾ, ಖಾಲಿ ಮಾಡಬೇ."

ಅವಳಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಮಗ ಅವಳನ್ನು ಕೂಸಿನ ಹಾಗೆ ಎತ್ತಿಕೊಂಡು ಹೋಗಿ, ಹಿತ್ತಲಲ್ಲಿ ಟ್ರಂಕಿಗೂ ರೊಟ್ಟಿ ಹಂಚಿಗೂ ನಡುವೆ ಇದ್ದ ಹೊರಸಿನ ಮೇಲೆ ಇಳಿಸಿದ. ಬಾಗಿಲು ಎಳೆದು ಬೀಗ ಹಾಕಿ, ಕೀಲಿ ತಂದು ಅವಳ ಕೈಯಲ್ಲಿಟ್ಟ.

"ಈಗ ಪೂರಾ ಖಾಲಿ ಆತಬೇ. ಇನ್ನ ಯಾರೂ ತಕರಾರು ತೆಗೆಯಂಗಿಲ್ಲ."

ಸಾವಂತ್ರೆವ್ವ ಬೈಯಲು ಬಾಯಿ ತೆರೆದಳು. ಆದರೆ ಬೈದ ಮೇಲೆ ಬುದ್ಧಿ ಹೇಳಬೇಕು, ಹೇಳಿದರೆ ಇವನು ಅದನ್ನೂ ಹಾಗೇ ಮಾಡುತ್ತಾನೆ. ಹೆದರಿ ಬಾಯಿ ಮುಚ್ಚಿಕೊಂಡಳು. ಮಗ ಎದುರಿಗೇ ನಿಂತಿದ್ದ, ಅವ್ವ ಮುಂದೇನು ಹೇಳುತ್ತಾಳೋ ಎಂದು ಕಾಯುತ್ತ.